ಗಂಟೆಯೂ ಎಚ್ಚರವೂ

ಕನ್ನಡದಲ್ಲಿ ‘ಎಚ್ಚರ’ ಎಂಬ ಮಾತಿಗೆ ಎರಡು ಅರ್ಥಗಳುಂಟು. ನಿದ್ದೆಯಿಂದ ಎದ್ದಿರುವ ಸ್ಥಿತಿ ಒಂದು. ಮಾಡುವ ಕೆಲಸದಲ್ಲಿ ಮನಸ್ಸಿಟ್ಟು ತಪ್ಪದಂತೆ ನಡೆದುಕೊಳ್ಳುವ ಜಾಗರೂಕತೆ ಮತ್ತೊಂದು. “ಎಚ್ಚರವಾಯಿತೇನೋ?” ಎಂದು ತಾಯಿ ಮಗನನ್ನು ಬೆಳಗ್ಗೆ ಕೇಳುವಾಗ ಮೊದಲನೆಯ ಅರ್ಥ, “ಎಚ್ಚರದಿಂದ ಹೋಗಿ ಬಾ” ಎಂದು ಅದೇ ತಾಯಿ ಅದೇ ಮಗನನ್ನು ಬಾಗಿಲಲ್ಲಿ ಕಳುಹಿಸಿಕೊಡುವಾಗ ಎರಡನೆಯ ಅರ್ಥ. ಇವೆರಡನ್ನೂ ಒಂದೇ ಮಾತಿನಲ್ಲಿ ಕಟ್ಟಿಟ್ಟ ನಮ್ಮ ಜನ, ಮೊದಲನೆಯದು ಇದ್ದಲ್ಲಿ ಎರಡನೆಯದೂ ಇರುವುದು ಸಹಜವೆಂದು ಭಾವಿಸಿದ್ದರೇನೊ! ಆ ಭಾವನೆಗೆ ಈಗ ಭಂಗ ಬಂದಿದೆ. ಮನುಷ್ಯನನ್ನು ರಾತ್ರಿಯೆಲ್ಲ ಎಚ್ಚರವಾಗಿರಿಸಿ, ಆ ಕಾರಣದಿಂದಲೇ ಅವನ ಎಚ್ಚರವನ್ನು ಕಳೆಯುವ ಏರ್ಪಾಡೊಂದು ನಮ್ಮ ನಗರದಲ್ಲಿ ನೆಲೆಯೂರಿದೆ. ಎಂಜಿನಿಯರುಗಳು ಅದನ್ನು ‘ಅಲರ್ಟ್’ ಎನ್ನುತ್ತಾರೆ.

ಸಾಹಿತ್ಯದ ಪುಟದಲ್ಲಿ ಈ ಯಂತ್ರದ ಮಾತೇಕೆ ಎಂದು ವಾಚಕರು ಕೇಳಬಹುದು. ಗಮನವೆಂಬುದು ಸಾಹಿತ್ಯಕ್ಕೂ ಯಂತ್ರವಿದ್ಯೆಗೂ ಸಮಾನವಾದ ಮೂಲಧನ. ಅದು ಒಂದು ಕಡೆ ಸೂರೆಯಾಗುತ್ತಿರುವಾಗ ಇನ್ನೊಂದು ಕಡೆಯವರು ಸುಮ್ಮನಿರಲಾಗದು. ಜೊತೆಗೆ, ಸೂರೆಗೊಳಗಾಗುತ್ತಿರುವವರು ಪರಕೀಯರೂ ಅಲ್ಲ. ನಮ್ಮ ಮಕ್ಕಳು, ನಮ್ಮಲ್ಲಿ ಓದಿ ಹೋದ ವಿದ್ಯಾರ್ಥಿಗಳು. ಜ್ಞಾನಭಾರತಿಯ ಮೆಟ್ರೊ ನಿಲ್ದಾಣ 2021ರ ಆಗಸ್ಟಿನಲ್ಲಿ ತೆರೆಯಿತು. 2023ರ ಅಕ್ಟೋಬರ್ 9ರಂದು ನೇರಳೆ ಮಾರ್ಗ ಚಲ್ಲಘಟ್ಟದಿಂದ ವೈಟ್‌ಫೀಲ್ಡಿನವರೆಗೆ ಅಖಂಡವಾಯಿತು. ಅಂದಿನಿಂದ ನಗರದ ಪಶ್ಚಿಮದ ಅಂಚಿನಲ್ಲಿ ಮನೆ, ಪೂರ್ವದ ಅಂಚಿನಲ್ಲಿ ಕಛೇರಿ ಎಂಬ ಬಾಳು ಅನೇಕ ತರುಣ ತರುಣಿಯರಿಗೆ ಸಾಧ್ಯವಾಗಿದೆ. ಆ ರೈಲಿನಲ್ಲಿ ಸಂಜೆಯ ಹೊತ್ತು ಕುಳಿತು ನೋಡಿ: ಮಡಿಲಲ್ಲಿ ಲ್ಯಾಪ್‌ಟಾಪ್ ತೆರೆದುಕೊಂಡು, ಕೈಯಲ್ಲಿ ಕಿಣಿಗುಟ್ಟುವ ಫೋನನ್ನು ಹಿಡಿದು, ಕೆಲಸ ಮುಗಿಸಿಯೂ ಮುಗಿಸಲಾಗದೆ ಕುಳಿತವರು ಒಬ್ಬಿಬ್ಬರಾದರೂ ಇದ್ದೇ ಇರುತ್ತಾರೆ.

ಅವರ ಕೆಲಸದ ರೀತಿಯನ್ನು ಸ್ವಲ್ಪ ವಿವರಿಸಬೇಕು. ಬ್ಯಾಂಕಿನ ಹಣ ವರ್ಗಾವಣೆ, ಆಸ್ಪತ್ರೆಯ ನೋಂದಣಿ, ರೈಲಿನ ಟಿಕೆಟು—ಇವೆಲ್ಲ ಇಂದು ಸರ್ವರುಗಳೆಂಬ ಗಣಕಯಂತ್ರಗಳ ಮೇಲೆ ನಿಂತಿವೆ. ಅವು ಹಗಲಿರುಳೂ ಓಡಬೇಕು. ಅವುಗಳ ಮೇಲೆ ಕಣ್ಣಿಡಲು ಮತ್ತೆ ಯಂತ್ರಗಳೇ ಇವೆ. ನೆನಪಿನ ಕೋಶ ಇಷ್ಟು ತುಂಬಿತು, ಉತ್ತರ ಬರುವುದು ಇಷ್ಟು ತಡವಾಯಿತು ಎಂದು ಅಳೆಯುತ್ತಾ, ಗೊತ್ತುಮಾಡಿದ ಗೆರೆಯನ್ನು ಅಳತೆ ದಾಟಿದೊಡನೆ ಆ ವಾರ ಸರದಿಯಲ್ಲಿರುವ ಎಂಜಿನಿಯರಿನ ಫೋನಿಗೆ ಅವು ಕರೆ ಕಳುಹಿಸುತ್ತವೆ. ಈ ಸರದಿಗೆ ‘ಆನ್‌ಕಾಲ್’ ಎಂದು ಹೆಸರು. ವೈದ್ಯರಿಗೂ ಅಗ್ನಿಶಾಮಕ ದಳದವರಿಗೂ ಇಂಥ ಸರದಿ ಹಿಂದಿನಿಂದಲೂ ಇದೆ. ಅದರಲ್ಲಿ ಆಕ್ಷೇಪಿಸತಕ್ಕದ್ದು ಏನೂ ಇಲ್ಲ. ಆಕ್ಷೇಪ ಇರುವುದು ಕರೆಯ ಯೋಗ್ಯತೆಯ ವಿಷಯದಲ್ಲಿ. ರಾತ್ರಿ ಎರಡು ಗಂಟೆಗೆ ಫೋನು ಕೂಗುತ್ತದೆ. ಎದ್ದು ನೋಡುವಷ್ಟರಲ್ಲಿ ಅಳತೆ ತಾನಾಗಿಯೇ ಗೆರೆಯ ಕೆಳಗೆ ಇಳಿದಿರುತ್ತದೆ. ಎರಡೂವರೆಗೆ ಮತ್ತೆ ಏರುತ್ತದೆ, ಮತ್ತೆ ಇಳಿಯುತ್ತದೆ. ಒಂದು ಯಂತ್ರ ಕೆಟ್ಟರೆ ಅದನ್ನು ನೆಚ್ಚಿಕೊಂಡ ಇಪ್ಪತ್ತು ಯಂತ್ರಗಳೂ ಒಂದೊಂದಾಗಿ ದೂರು ಹೇಳುತ್ತವೆ. ಒಂದು ಸಾವಿಗೆ ಇಪ್ಪತ್ತು ಮನೆಯಿಂದ ಓಲೆ ಬಂದ ಹಾಗೆ.

ಹಿಂದೆ ನನ್ನ ತರಗತಿಯಲ್ಲಿದ್ದ ತರುಣನೊಬ್ಬ, ಈಗ ಇಂಥ ಕೆಲಸದಲ್ಲಿರುವವನು, ಒಮ್ಮೆ ಹೇಳಿದ: “ಸಾರ್, ಮೊದಲ ತಿಂಗಳು ಪ್ರತಿ ಕರೆಗೂ ಎದೆ ಹೊಡೆದುಕೊಳ್ಳುತ್ತಿತ್ತು. ಆರನೆಯ ತಿಂಗಳಿಗೆ ನಿದ್ದೆಗಣ್ಣಿನಲ್ಲೇ ಒತ್ತಿ ಆರಿಸುವುದು ಬಂತು. ಈಗ ಬೆಳಗ್ಗೆ ಎದ್ದು ನೋಡಿದರೆ ನಾಲ್ಕು ಕರೆಗಳನ್ನು ಆರಿಸಿರುತ್ತೇನೆ. ಒಂದರ ನೆನಪೂ ಇರುವುದಿಲ್ಲ.” ಇದನ್ನು ಅವನು ನಗುತ್ತಲೇ ಹೇಳಿದ. ಆದರೆ ಇದರ ಅರ್ಥವನ್ನು ಯೋಚಿಸಿದರೆ ನಗು ಬರುವುದಿಲ್ಲ. ಆ ನಾಲ್ಕರಲ್ಲಿ ಒಂದು ಯಾವುದೋ ಆಸ್ಪತ್ರೆಯ ದಾಖಲೆಗಳು ಅಳಿಸಿ ಹೋಗುತ್ತಿವೆಯೆಂಬ ಕೂಗಾಗಿದ್ದರೆ? ದಿನಾ ಸಾಯುವವರಿಗೆ ಅಳುವವರು ಯಾರು ಎಂಬ ಗಾದೆಯನ್ನು ನಾವು ಕಠೋರವಾದ ಮಾತೆಂದು ತಿಳಿಯುತ್ತೇವೆ. ಅದು ಮನುಷ್ಯನ ಮನಸ್ಸಿನ ಸ್ವಭಾವವನ್ನು ಹೇಳಿದ ಮಾತು ಅಷ್ಟೆ. ಪದೇ ಪದೇ ಬಂದು ಏನನ್ನೂ ಬೇಡದೆ ಹೋಗುವ ಸದ್ದನ್ನು ಕೇಳದಿರಲು ಮನಸ್ಸು ತಾನಾಗಿ ಕಲಿಯುತ್ತದೆ. ರೈಲುಹಳಿಯ ಪಕ್ಕದಲ್ಲಿ ಮನೆ ಮಾಡಿದವನಿಗೆ ನಿದ್ದೆ ಬರುವುದು ಹೀಗೆಯೇ.

ಈ ಕಿವುಡಿನ ಫಲವನ್ನು ಗಣಕಯಂತ್ರದವರಿಗಿಂತ ಮೊದಲು ಕಾರ್ಖಾನೆಗಳವರು ಉಂಡಿದ್ದಾರೆ. 1979ರ ಮಾರ್ಚ್ 28ರಂದು ಅಮೆರಿಕದ ಪೆನ್ಸಿಲ್ವೇನಿಯಾದ ತ್ರೀ ಮೈಲ್ ಐಲೆಂಡ್ ಅಣುವಿದ್ಯುತ್ ಸ್ಥಾವರದಲ್ಲಿ ಅಪಘಾತವಾದಾಗ, ಮೊದಲ ಕೆಲವೇ ನಿಮಿಷಗಳಲ್ಲಿ ನೂರಕ್ಕೂ ಹೆಚ್ಚು ಎಚ್ಚರಿಕೆಯ ಸಂಕೇತಗಳು ಮೊಳಗಿದವು. ಅವುಗಳಲ್ಲಿ ಮುಖ್ಯವಲ್ಲದವನ್ನು ತಡೆಯುವ ಏರ್ಪಾಡೇ ಅಲ್ಲಿ ಇರಲಿಲ್ಲವೆಂದು ವಿಚಾರಣಾ ಆಯೋಗ ಹೇಳಿತು. 1994ರ ಜುಲೈ 24, ಒಂದು ಭಾನುವಾರ, ಬ್ರಿಟನ್ನಿನ ವೇಲ್ಸ್ ಪ್ರಾಂತದ ಮಿಲ್‌ಫರ್ಡ್ ಹೇವನ್ನಿನ ಎಣ್ಣೆ ಶುದ್ಧೀಕರಣ ಕಾರ್ಖಾನೆಯಲ್ಲಿ ಸ್ಫೋಟವಾಯಿತು. ಬೆಳಗ್ಗೆ ಸಿಡಿಲು ಮಳೆಯಿಂದ ಕೆಲಸ ಅಸ್ತವ್ಯಸ್ತವಾಗಿತ್ತು. ಮುಚ್ಚಿಕೊಂಡಿದ್ದ ಒಂದು ಕವಾಟ ತೆರೆದಿರುವಂತೆ ಫಲಕದ ಮೇಲೆ ತೋರುತ್ತಿತ್ತು. ಹೊರಬೀಳಲು ದಾರಿಯಿಲ್ಲದ ಎಣ್ಣೆ ಒಳಗೆ ತುಂಬುತ್ತಾ ಹೋಯಿತು. ಸ್ಫೋಟಕ್ಕೆ ಹಿಂದಿನ 11 ನಿಮಿಷಗಳಲ್ಲಿ ಇಬ್ಬರು ನಿರ್ವಾಹಕರ ಮುಂದೆ ಮೊಳಗಿದ ಸಂಕೇತಗಳು 275. ಎರಡೂವರೆ ಸೆಕೆಂಡಿಗೆ ಒಂದು! ನಿಜವಾದ ಸುದ್ದಿ ಆ 275ರ ನಡುವೆ ಎಲ್ಲೋ ಇತ್ತು. ಗಂಟೆ ಬಾರಿಸಲಿಲ್ಲವೆಂದು ಅಲ್ಲಿ ಯಾರೂ ದೂರುವಂತಿರಲಿಲ್ಲ. ಇಂಥ ಅನುಭವಗಳಿಂದ ಪಾಠ ಕಲಿತು 1999ರಲ್ಲಿ ಬ್ರಿಟನ್ನಿನ ಕೈಗಾರಿಕಾ ತಜ್ಞರು ಪ್ರಕಟಿಸಿದ ಮಾರ್ಗದರ್ಶಿಯೊಂದು, ಸಾಧಾರಣ ದಿನಗಳಲ್ಲಿ ಒಬ್ಬ ನಿರ್ವಾಹಕನಿಗೆ 10 ನಿಮಿಷಕ್ಕೆ ಒಂದಕ್ಕಿಂತ ಕಡಮೆ ಸಂಕೇತ ಬರುವಂತಿದ್ದರೆ ಅದು ಸಹ್ಯವೆಂದು ಮಿತಿ ಹಾಕಿತು.

ಇಷ್ಟು ತಿಳಿದೂ ಗಂಟೆಗಳು ಹೆಚ್ಚುತ್ತಲೇ ಇರುವುದೇಕೆ? ಕಾರಣ ಸರಳವಾಗಿದೆ. ಗಂಟೆಯನ್ನು ಕಟ್ಟುವವನು ಒಬ್ಬ, ಅದನ್ನು ಕೇಳುವವನು ಮತ್ತೊಬ್ಬ. ಒಂದು ಅವಘಡ ನಡೆದೊಡನೆ ಸಭೆ ಸೇರುತ್ತದೆ, “ಇದು ನಮಗೆ ಮೊದಲೇ ಏಕೆ ತಿಳಿಯಲಿಲ್ಲ?” ಎಂದು ಮೇಲಿನವರು ಕೇಳುತ್ತಾರೆ, “ಹೊಸ ಅಲರ್ಟ್ ಒಂದನ್ನು ಸೇರಿಸಿದ್ದೇವೆ” ಎಂದು ಕೆಳಗಿನವರು ಉತ್ತರಿಸುತ್ತಾರೆ, ಎಲ್ಲರಿಗೂ ಸಮಾಧಾನವಾಗುತ್ತದೆ. ಸೇರಿಸುವುದಕ್ಕೆ ಐದು ನಿಮಿಷ ಸಾಕು, ಖರ್ಚೂ ಇಲ್ಲ. ತೆಗೆದುಹಾಕುವುದಕ್ಕಾದರೋ ಧೈರ್ಯ ಬೇಕು. ನಾಳೆ ಏನಾದರೂ ಆದರೆ ‘ತೆಗೆದವನು ಯಾರು’ ಎಂಬ ಪ್ರಶ್ನೆ ಏಳುತ್ತದೆ; ‘ಸೇರಿಸಿದವನು ಯಾರು’ ಎಂದು ಯಾರೂ ಕೇಳುವುದಿಲ್ಲ. ಹೀಗಾಗಿ ಗಂಟೆಗಳಿಗೆ ಹುಟ್ಟು ಉಂಟು, ಸಾವು ಇಲ್ಲ. ಅವುಗಳಲ್ಲಿ ಬಹುಪಾಲು, ಕೆಲಸವನ್ನು ಕಾಯುವುದಕ್ಕಿಂತ ಹೆಚ್ಚಾಗಿ ಕಟ್ಟಿದವನ ಮೈಯನ್ನು ಕಾಯುತ್ತವೆ.

ಇದಕ್ಕೆ ಎರಡು ಸಮಾಧಾನಗಳನ್ನು ಹೇಳುವುದುಂಟು. ಎರಡೂ ವಿಚಾರಕ್ಕೆ ನಿಲ್ಲುವುದಿಲ್ಲ. ಮೊದಲನೆಯದು: ಗಮನವೆಂಬುದು ಅಭ್ಯಾಸದ ಫಲ; ಹತ್ತು ಕಡೆ ಮನಸ್ಸಿಡುವುದನ್ನು ತರುಣರು ರೂಢಿಸಿಕೊಳ್ಳಬೇಕು; ನಮ್ಮ ಅವಧಾನಿಗಳು ಏಕಕಾಲಕ್ಕೆ ಎಂಟು ಮಂದಿಗೆ ಉತ್ತರ ಕೊಡುವುದಿಲ್ಲವೆ? ಈ ಮಾತನ್ನು ನಾನು ಸಂತೋಷದಿಂದಲೇ ಎತ್ತಿಕೊಳ್ಳುತ್ತೇನೆ. ಏಕೆಂದರೆ ಅಷ್ಟಾವಧಾನವನ್ನು ಕಣ್ಣಾರೆ ಕಂಡವರಿಗೆ ಅದು ಹೇಳುವ ಪಾಠ ಬೇರೆಯೇ ಆಗಿದೆ. ಅಲ್ಲಿ ಪೃಚ್ಛಕರು ಎಂಟೇ ಮಂದಿ. ಒಂಬತ್ತನೆಯವನು ಸಭೆಯಿಂದ ಎದ್ದು ಪ್ರಶ್ನೆ ಕೇಳುವಂತಿಲ್ಲ. ನಿಷೇಧಾಕ್ಷರಿ, ಸಮಸ್ಯಾಪೂರಣ, ದತ್ತಪದಿ, ಚಿತ್ರಕವಿತೆ, ಆಶುಕವಿತೆ, ಕಾವ್ಯವಾಚನ, ಸಂಖ್ಯಾಬಂಧ—ಒಬ್ಬೊಬ್ಬರಿಗೆ ಒಂದೊಂದು ಕೆಲಸ ಮೊದಲೇ ಗೊತ್ತಾಗಿರುತ್ತದೆ. ಪದ್ಯ ಕೇಳುವವರು ಸುತ್ತಿನ ಸರದಿಯಲ್ಲೇ ಕೇಳುತ್ತಾರೆ, ಅವಧಾನಿ ಸುತ್ತಿಗೊಂದು ಪಾದದಂತೆ ಪೂರಣ ಮಾಡುತ್ತಾನೆ. ಮನಸ್ಸು ಕೆಡಿಸುವುದಕ್ಕೆಂದೇ ಕೂರಿಸಿದವನು ಒಬ್ಬನೇ, ಅಪ್ರಸ್ತುತಪ್ರಸಂಗದವನು. ಅವನಿಗೂ ರಸಿಕತೆಯ ಕಟ್ಟುಂಟು. ಕೆಲವು ತಾಸುಗಳಲ್ಲಿ ಕಲಾಪ ಮುಗಿದು ಅವಧಾನಿ ಮನೆಗೆ ಹೋಗುತ್ತಾನೆ. 2012ರಲ್ಲಿ ಡಾ. ಆರ್. ಗಣೇಶ್ ಅವರು ಬೆಂಗಳೂರಿನಲ್ಲಿ ಸಂಪೂರ್ಣವಾಗಿ ಕನ್ನಡದಲ್ಲೇ ಶತಾವಧಾನ ನಡೆಸಿದಾಗಲೂ, ನೂರು ಪೃಚ್ಛಕರು ಒಟ್ಟಿಗೆ ಕೂಗಲಿಲ್ಲ. ಇಷ್ಟೊಂದು ವ್ಯವಸ್ಥೆಯನ್ನು ಕಟ್ಟಿಕೊಟ್ಟ ಮೇಲೂ ಆ ವಿದ್ಯೆ ಸಿದ್ಧಿಸುವುದು ಲಕ್ಷದಲ್ಲಿ ಒಬ್ಬನಿಗೆ. ನಮ್ಮ ಎಂಜಿನಿಯರಿನ ಎದುರಿನಲ್ಲಾದರೋ ಎಂಟೂ ಆಸನಗಳಲ್ಲಿ ಅಪ್ರಸ್ತುತಪ್ರಸಂಗದವರೇ ಕುಳಿತಿದ್ದಾರೆ. ಅವರ ಹಿಂದೆ ಇನ್ನೂ ಎಂಬತ್ತು ಮಂದಿ ನಿಂತಿದ್ದಾರೆ. ಸಭೆಗೆ ಮಂಗಳವೆಂಬುದೇ ಇಲ್ಲ.

ಎರಡನೆಯ ಸಮಾಧಾನ: ಏನೇ ಆದರೂ ಕೆಲಸ ನಡೆಯುತ್ತಿದೆಯಲ್ಲ, ಲೆಕ್ಕದಲ್ಲಿ ನಷ್ಟ ಕಾಣುತ್ತಿಲ್ಲವಲ್ಲ ಎಂಬುದು. ಇಲ್ಲಿ ಗ್ಲೋರಿಯಾ ಮಾರ್ಕ್ ಎಂಬ ಅಮೆರಿಕದ ವಿದುಷಿ ತಮ್ಮ ಸಂಗಡಿಗರೊಡನೆ 2008ರಲ್ಲಿ ಪ್ರಕಟಿಸಿದ ಪ್ರಯೋಗವನ್ನು ನೆನೆಯಬೇಕು. ನಡುನಡುವೆ ತಡೆಯಲ್ಪಟ್ಟವರು ತಮ್ಮ ಕೆಲಸವನ್ನು ಉಳಿದವರಿಗಿಂತ ಬೇಗನೆ ಮುಗಿಸಿದರು. ಕೆಲಸದ ಗುಣವೂ ಕೆಡಲಿಲ್ಲ. ಆದರೆ ಅವರ ಮೇಲಿನ ಒತ್ತಡ, ಬೇಸರ, ಆಯಾಸಗಳು ಹೆಚ್ಚಾಗಿದ್ದವು. ಎಂದರೆ, ಬೆಲೆಯನ್ನು ತೆರುವುದು ಕೆಲಸವಲ್ಲ, ಕೆಲಸ ಮಾಡುವವನು. ಕಛೇರಿಯ ಲೆಕ್ಕದಲ್ಲಿ ನಷ್ಟ ಕಾಣದಿರುವುದು ಈ ಕಾರಣದಿಂದ; ಅದು ಬರೆಯಲ್ಪಡುವ ಪುಸ್ತಕ ಬೇರೆ. ಮನೆಯವರ ಮೇಲೆ ಸಿಡುಕುವ ಮಾತಿನಲ್ಲಿ, ಎದ್ದ ಸದ್ದಿಗೆ ಅಳುವ ಕೂಸಿನಲ್ಲಿ, ಮೂವತ್ತೈದಕ್ಕೇ ಈ ಕಸುಬು ಸಾಕೆನಿಸುವ ಬುದ್ಧಿವಂತನ ನಿಟ್ಟುಸಿರಿನಲ್ಲಿ ಅದು ದಾಖಲಾಗುತ್ತದೆ.

ನಮ್ಮ ನಾಡಿನಲ್ಲಿ ದುಡಿಮೆಯ ಹೊತ್ತಿನ ಚರ್ಚೆ ಇಲ್ಲದಿಲ್ಲ. ಕರ್ನಾಟಕದ ಅಂಗಡಿ ಮತ್ತು ವಾಣಿಜ್ಯ ಸಂಸ್ಥೆಗಳ 1961ರ ಕಾಯಿದೆ ದಿನಕ್ಕೆ 9, ವಾರಕ್ಕೆ 48 ಗಂಟೆಗಳ ಮಿತಿಯನ್ನು ಇಟ್ಟಿತು. 2024ರ ಜುಲೈಯಲ್ಲಿ ತಂತ್ರಾಂಶ ಸಂಸ್ಥೆಗಳಲ್ಲಿ ಆ ಹೊತ್ತನ್ನು ಹೆಚ್ಚಿಸುವ ಪ್ರಸ್ತಾಪ ಬಂದಾಗ ನೌಕರರ ಸಂಘ ಪ್ರತಿಭಟಿಸಿತು. ಅದು ನ್ಯಾಯವೇ. ಆದರೆ ಕನ್ನಡದಲ್ಲಿ ‘ಗಂಟೆ’ ಎಂದರೆ ಕಾಲದ ಅಳತೆಯೂ ಹೌದು, ಬಾರಿಸುವ ವಸ್ತುವೂ ಹೌದು. ಮೊದಲನೆಯ ಗಂಟೆಯನ್ನು ಎಣಿಸಲು ಕಾಯಿದೆಯಿದೆ, ಸಂಘವಿದೆ. ಎರಡನೆಯದನ್ನು ಎಣಿಸುವವರಿಲ್ಲ. ಎಂಟು ಗಂಟೆಯ ನಿದ್ದೆಯನ್ನು ನಾಲ್ಕು ಕಡೆ ತುಂಡರಿಸಿದರೆ ಉಳಿಯುವುದು ಎಂಟು ಗಂಟೆಯೇ ಎಂದು ಗಡಿಯಾರ ಹೇಳೀತು, ದೇಹ ಹೇಳದು.

ಹಾಗಾದರೆ ಪರಿಹಾರವೇನು? ಗಂಟೆಯೇ ಬೇಡವೆನ್ನುವುದು ಅವಿವೇಕ. ಯಾವುದು ಗಂಟೆಯಾಗಬೇಕು, ಯಾವುದು ಆಗಬಾರದು ಎಂಬ ವಿವೇಕ ಬೇಕು. ಅದು ನಮಗೆ ಹೊಸದೂ ಅಲ್ಲ. ಹಳೆಯ ಮೈಸೂರಿನ ಹಳ್ಳಿಗಳಲ್ಲಿ ಕೆರೆಯ ನೀರನ್ನು ನೋಡಿಕೊಳ್ಳುವುದಕ್ಕೆ ನೀರುಗಂಟಿಯೆಂಬವನು ಇರುತ್ತಿದ್ದ. ತೂಬು ಎತ್ತುವುದು, ಇಳಿಸುವುದು, ಗದ್ದೆಗಳಿಗೆ ಸರದಿಯಂತೆ ನೀರು ಹಾಯಿಸುವುದು ಅವನ ಕೆಲಸ. ಏರಿಯ ಮೇಲೆ ಏಡಿಯ ಬಿಲ ಕಂಡರೆ ಅವನು ಊರನ್ನು ಕೂಗಬೇಕಾಗಿರಲಿಲ್ಲ. ತಾನೇ ಮಣ್ಣು ಮೆತ್ತಿದರಾಯಿತು. ತೂಬು ಸವೆದಿದ್ದರೆ ಬೆಳಗ್ಗೆ ಗೌಡನಿಗೆ ಹೇಳಿದರಾಯಿತು. ಏರಿಯೇ ಬಿರಿಯುತ್ತಿದೆಯೆಂದಾಗ ಮಾತ್ರ ತಮಟೆ ಮೊಳಗಬೇಕು. ಮೊಳಗಿದರೆ ಗುದ್ದಲಿ ಹಿಡಿದು ಓಡಬೇಕೆಂದು ಕೇಳಿದ ಪ್ರತಿಯೊಬ್ಬನಿಗೂ ತಿಳಿದಿರುತ್ತದೆ. ತಾನೇ ಸರಿಪಡಿಸುವುದು, ಬೆಳಗಿನವರೆಗೆ ಕಾಯಬಲ್ಲುದು, ಈ ಕ್ಷಣವೇ ಎಬ್ಬಿಸಬೇಕಾದುದು—ಈ ಮೂರು ತರಗಳನ್ನು ಬೇರ್ಪಡಿಸಿದರೆ ಸಮಸ್ಯೆಯ ಅರ್ಧ ಭಾಗ ಪರಿಹಾರವಾದಂತೆಯೇ.

ಯಂತ್ರಗಳೂ ಈ ವಿವೇಕವನ್ನು ಪಾಲಿಸಬಲ್ಲವು. 1969ರ ಜುಲೈ 20ರಂದು ಅಪೊಲೊ 11ರ ನೌಕೆ ಚಂದ್ರನತ್ತ ಇಳಿಯುತ್ತಿದ್ದಾಗ ಅದರ ಗಣಕಯಂತ್ರ 1202 ಎಂಬ ಸಂಖ್ಯೆಯ ಎಚ್ಚರಿಕೆಯನ್ನು ಮತ್ತೆ ಮತ್ತೆ ನೀಡಿತು. ಹೊರೆ ಹೆಚ್ಚಾಗಿ ಆ ಯಂತ್ರ ಮುಖ್ಯವಲ್ಲದ ಕೆಲಸಗಳನ್ನು ಕೈಬಿಟ್ಟು, ಇಳಿಯುವ ಕೆಲಸವನ್ನು ಉಳಿಸಿಕೊಂಡಿತ್ತು. ಹೂಸ್ಟನ್ನಿನ ಕೇಂದ್ರದಲ್ಲಿ 26 ವಯಸ್ಸಿನ ಸ್ಟೀವ್ ಬೇಲ್ಸ್, ಇಳಿಯಬಹುದೆಂದು ಕೆಲವೇ ಸೆಕೆಂಡುಗಳಲ್ಲಿ ಹೇಳಿದರು. ಇದು ಅದೃಷ್ಟವಾಗಿರಲಿಲ್ಲ. ಕೆಲವು ವಾರಗಳ ಹಿಂದಿನ ಅಣಕು ಕಾರ್ಯಾಚರಣೆಯೊಂದರಲ್ಲಿ ಇಂಥದೇ ಸಂಕೇತಕ್ಕೆ ಹೆದರಿ ಅನಗತ್ಯವಾಗಿ ಇಳಿತವನ್ನು ರದ್ದು ಮಾಡಿದ್ದರು. ಅದಾದ ಮೇಲೆ ಜ್ಯಾಕ್ ಗಾರ್ಮನ್ ಎಂಬ ತರುಣ ಎಂಜಿನಿಯರು ಪ್ರತಿಯೊಂದು ಸಂಖ್ಯೆಗೂ ಏನು ಮಾಡಬೇಕೆಂಬ ಪಟ್ಟಿಯನ್ನು ಕೈಯಲ್ಲೇ ಬರೆದಿಟ್ಟಿದ್ದರು. ನಮ್ಮ ನಗರದಲ್ಲೇ, 2023ರ ಆಗಸ್ಟ್ 23ರ ಸಂಜೆ, ಚಂದ್ರಯಾನ-3ರ ಇಳಿತವನ್ನು ಇಸ್ರೊ ಸಂಸ್ಥೆಯ ಇಸ್ಟ್ರಾಕ್ ಕೇಂದ್ರದಿಂದ ವಿಜ್ಞಾನಿಗಳು ನೋಡುತ್ತಿದ್ದರು. ಸುಮಾರು 19 ನಿಮಿಷಗಳ ಆ ಇಳಿತದಲ್ಲಿ ನೌಕೆ ತನ್ನ ನಿರ್ಧಾರಗಳನ್ನು ತಾನೇ ತೆಗೆದುಕೊಳ್ಳುವಂತೆ ಮೊದಲೇ ಸಿದ್ಧಪಡಿಸಲಾಗಿತ್ತು. ಯಂತ್ರ ತಾನೇ ಸರಿಪಡಿಸಬಲ್ಲದ್ದಕ್ಕೆ ಮನುಷ್ಯನನ್ನು ಕರೆಯಬಾರದು. ಕರೆದರೆ, ಬಂದವನು ಏನು ಮಾಡಬೇಕೆಂಬುದು ಹಗಲಿನ ಶಾಂತಿಯಲ್ಲಿ ಬರೆದಿಟ್ಟಿರಬೇಕು. ಈ ಎರಡು ನಿಯಮಗಳನ್ನು ಪಾಲಿಸುವುದಕ್ಕೆ ಚಂದ್ರನವರೆಗೆ ಹೋಗಬೇಕಾಗಿಲ್ಲ.

ಆದಕಾರಣ ಪ್ರತಿಯೊಂದು ಗಂಟೆಗೂ ಮೂರು ಪ್ರಶ್ನೆ ಹಾಕಬೇಕೆಂದು ನನ್ನ ಅಭಿಪ್ರಾಯ. ಇದನ್ನು ಕೇಳಿದವನು ಮಾಡಬೇಕಾದ ಕೆಲಸವೇನು? ಅದನ್ನು ಮಾಡತಕ್ಕವನು ಯಾರು? ಬೆಳಗಿನವರೆಗೆ ಕಾದರೆ ಯಾರಿಗೆ ಕೇಡು? ಉತ್ತರವಿಲ್ಲದ ಗಂಟೆಯನ್ನು ಅಂದೇ ಬಿಚ್ಚಿಡಬೇಕು. ಸರ್ವರಿನ ಮೈ ಬಿಸಿಯಾಯಿತೆಂಬುದಕ್ಕೆ ಕರೆಯಬೇಡಿ. ಜನರಿಗೆ ಹಣ ಪಾವತಿ ಆಗುತ್ತಿಲ್ಲವೆಂಬುದಕ್ಕೆ ಕರೆಯಿರಿ. ಒಂದೇ ಮೂಲದ ಇಪ್ಪತ್ತು ಕೂಗುಗಳನ್ನು ಒಂದಾಗಿ ಕಟ್ಟಿರಿ. ಗೂಗಲ್ ಸಂಸ್ಥೆಯ ಎಂಜಿನಿಯರುಗಳು ತಮ್ಮ ಕಾರ್ಯಪದ್ಧತಿಯನ್ನು ಕುರಿತು 2016ರಲ್ಲಿ ಹೊರತಂದ ಪುಸ್ತಕದಲ್ಲಿ, 12 ಗಂಟೆಗಳ ಒಂದು ಸರದಿಗೆ ಎರಡು ಘಟನೆಗಳಿಗಿಂತ ಹೆಚ್ಚು ಸಲ್ಲದೆಂದು ಲೆಕ್ಕ ಹಾಕಿದ್ದಾರೆ. ಒಂದೊಂದರ ಮೂಲ ಹುಡುಕಿ, ಸರಿಪಡಿಸಿ, ಬರೆದಿಡಲು ಸುಮಾರು ಆರು ಗಂಟೆ ಬೇಕೆಂಬುದು ಅವರ ಅನುಭವ. ಹಗಲಿನ ಚಾಟ್ ಗುಂಪುಗಳಿಗೂ ಇದೇ ನ್ಯಾಯ ಅನ್ವಯಿಸಬೇಕು. ಕುಳಿತು ಯೋಚಿಸುವ ಕೆಲಸಕ್ಕೆ ದಿನದಲ್ಲಿ ಎರಡು ಮೂರು ಗಂಟೆಯಾದರೂ ಯಾರೂ ಕರೆಯದ ಹೊತ್ತು ಇರಲಿ, ‘ನೋಡಿದಿರಾ?’ ಎಂಬ ಸಂದೇಶ ಸಂಜೆಯವರೆಗೆ ಕಾದರೆ ಆಕಾಶ ಕಳಚಿ ಬೀಳುವುದಿಲ್ಲ.

ಇದನ್ನು ಮಾಡಬೇಕಾದವರು ಯಾರು? ಫೋನನ್ನು ದೂರವಿಡಿ, ಧ್ಯಾನ ಮಾಡಿ, ಮನಸ್ಸನ್ನು ಹತೋಟಿಯಲ್ಲಿಡಿ ಎಂದು ತರುಣರಿಗೆ ಉಪದೇಶಿಸುವುದು ಈಗ ರೂಢಿಯಾಗಿದೆ. ಸರದಿಯಲ್ಲಿರುವವನು ಫೋನನ್ನು ದೂರವಿಡುವುದು ಹೇಗೆ? ಗಂಟೆಯ ಹಗ್ಗ ಅವನ ಕೈಯಲ್ಲಿಲ್ಲ. ಹಗ್ಗ ಹಿಡಿದವರು ತಂಡದ ಮುಖ್ಯಸ್ಥರು. ಹೊಣೆಯೂ ಅವರದೇ ಆಗಬೇಕು. ವಾರಕ್ಕೊಮ್ಮೆ ಕುಳಿತು, ಹೋದ ವಾರ ಎಷ್ಟು ಸಲ ಬಾರಿಸಿತು, ಎಷ್ಟು ಸಲ ಅದರಿಂದ ಕೆಲಸವಾಯಿತು ಎಂದು ಲೆಕ್ಕ ನೋಡಲಿ. ಒಂದು ಗಂಟೆಯನ್ನು ಬಿಚ್ಚಿದವನನ್ನು, ಹೊಸದೊಂದನ್ನು ಕಟ್ಟಿದವನಷ್ಟೇ ಗೌರವದಿಂದ ಕಾಣಲಿ. ವರ್ಷಕ್ಕೊಂದು ವಾರ ತಾವೇ ಆ ಸರದಿಯನ್ನು ಹೊತ್ತು, ಆ ಫೋನನ್ನು ತಮ್ಮ ದಿಂಬಿನ ಪಕ್ಕ ಇಟ್ಟುಕೊಂಡು ಮಲಗಲಿ. ಆಮೇಲೆ ಯಾವ ವರದಿಯೂ ಬೇಕಾಗುವುದಿಲ್ಲ.

2023ರ ಅಕ್ಟೋಬರ್ 12ರಂದು ಕರ್ನಾಟಕದ ಲಕ್ಷಾಂತರ ಮೊಬೈಲ್ ಫೋನುಗಳು ಒಮ್ಮೆಗೇ ವಿಚಿತ್ರವಾಗಿ ಕೂಗಿದ್ದನ್ನು ವಾಚಕರು ಮರೆತಿರಲಾರರು. ಪ್ರಕೃತಿ ವಿಕೋಪದ ಕಾಲಕ್ಕೆ ಜನರನ್ನು ಎಚ್ಚರಿಸುವ ವ್ಯವಸ್ಥೆಯ ಪರೀಕ್ಷೆ ಅದು. ಹೀಗೆ ಆಗಲಿದೆಯೆಂದು ಮೊದಲೇ ತಿಳಿಸಿದ್ದರು. ಆದರೂ ತರಗತಿಗಳಲ್ಲಿ, ಬಸ್ಸುಗಳಲ್ಲಿ, ಅಂಗಡಿಗಳಲ್ಲಿ ಜನ ತಲೆಯೆತ್ತಿ ಒಬ್ಬರ ಮುಖವನ್ನೊಬ್ಬರು ನೋಡಿದರು. ಅಂಥ ಸದ್ದು ಅವರಿಗೆ ದಿನನಿತ್ಯದ್ದಾಗಿರಲಿಲ್ಲ, ಆದ್ದರಿಂದ ಕೇಳಿದರು. ಅದೇ ಸದ್ದು ದಿನಕ್ಕೆ ಹತ್ತು ಸಲ ಬಂದಿದ್ದರೆ, ಕೆರೆ ನಿಜವಾಗಿ ಒಡೆದ ದಿನ ಎಷ್ಟು ಮಂದಿ ಮನೆ ಬಿಟ್ಟು ಹೊರಡುತ್ತಿದ್ದರು? ಸರ್ಕಾರ ಇಡೀ ನಾಡಿನ ಕಿವಿಯನ್ನು ಹೀಗೆ ಮಿತವಾಗಿ ಬಳಸಬೇಕೆಂದು ನಾವು ಅಪೇಕ್ಷಿಸುತ್ತೇವೆ. ನಮ್ಮ ಹಣ, ಔಷಧ, ಪ್ರಯಾಣಗಳನ್ನು ರಾತ್ರಿಯೆಲ್ಲ ಕಾಯುತ್ತಿರುವ ತರುಣರ ಕಿವಿಗೂ ಅಷ್ಟು ಮರ್ಯಾದೆ ಸಲ್ಲಬೇಡವೆ?